ಶೀಟಿನ ಕೆಳಗೆ ಮಲಗುವವರು, ಶೀಟು ಕೊಯ್ಯುವವರು

ಮಳೆಗಾಲ ಹತ್ತಿರ ಬಂತೆಂದರೆ ನನಗೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ. ನಮ್ಮದು ಶೀಟಿನ ಮನೆ, ಆಸ್ಬೆಸ್ಟಾಸ್ ಶೀಟಿನಿಂದ ಕ್ಯಾನ್ಸರ್ ಬರುತ್ತದಂತೆ, ಹೌದೇ? ಒಬ್ಬರಿಗೆ ಮಗಳು ಓದುವ ಶಾಲೆಯ ಚಾವಣಿಯ ಚಿಂತೆ. ಇನ್ನೊಬ್ಬರಿಗೆ ಶೀಟಿನ ಮೇಲೆ ಬಿದ್ದ ಮಳೆನೀರನ್ನು ಸಂಪಿಗೆ ಇಳಿಸಿಕೊಂಡು ಕುಡಿಯಬಹುದೇ ಎಂಬ ಅನುಮಾನ. ರೇಷ್ಮೆ ಹುಳು ಸಾಕುವ ಮನೆ, ಕೋಳಿ ಫಾರಂ, ದನದ ಕೊಟ್ಟಿಗೆ, ಕಾರು ನಿಲ್ಲಿಸುವ ಶೆಡ್ಡು, ಎಲ್ಲದರ ಮೇಲೂ ಅದೇ ಬೂದು ಬಣ್ಣದ ಏರಿಳಿತದ ಹಾಸು ಇರುವಾಗ ಜನ ಕೇಳುವುದು ಸಹಜವೇ. ಕಟ್ಟಡದ ಕೆಲಸಗಳ ಉಸ್ತುವಾರಿಯಲ್ಲಿ ಅರ್ಧ ಆಯುಷ್ಯ ಕಳೆದವನಾದ್ದರಿಂದ ನನಗೆ ಆ ಶೀಟುಗಳ ಪರಿಚಯ ಸ್ವಲ್ಪ ಹೆಚ್ಚೇ ಇದೆ.

ಮೊದಲು ಉತ್ತರ ಹೇಳಿಬಿಡುತ್ತೇನೆ. ಬಿರುಕು ಬಿಡದೆ, ಪುಡಿ ಉದುರದೆ ತಲೆಯ ಮೇಲೆ ಗಟ್ಟಿಯಾಗಿ ಕೂತಿರುವ ಶೀಟಿನಿಂದ ಅದರ ಕೆಳಗೆ ಮಲಗುವವರಿಗೆ ಇರುವ ಅಪಾಯ ಕಡಿಮೆ. ಆ ಶೀಟಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುವುದು ನೂರಕ್ಕೆ ಸುಮಾರು ಎಂಟು-ಹತ್ತು ಪಾಲು. ಉಳಿದದ್ದು ಸಿಮೆಂಟು ಮತ್ತು ಹಾರುಬೂದಿಯಂಥ ಪದಾರ್ಥಗಳು. ಸಿಮೆಂಟು ಗಟ್ಟಿಯಾಗಿ ಹಿಡಿದುಕೊಂಡಿರುವಷ್ಟು ಕಾಲ ನಾರು ಗಾಳಿಗೆ ಬರುವುದು ಕಷ್ಟ. ನೀರಿನ ವಿಚಾರದಲ್ಲಿ, ಕುಡಿದು ಹೊಟ್ಟೆ ಸೇರಿದ ಕಲ್ನಾರಿನಿಂದ ರೋಗ ಬರುತ್ತದೆ ಎನ್ನಲು ಒಂದಕ್ಕೊಂದು ತಾಳೆಯಾಗುವ ಪುರಾವೆ ಸಿಕ್ಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಈ ನಾರು ಕೊಲ್ಲುವುದು ಉಸಿರಿನ ದಾರಿಯಲ್ಲಿ.

ಇಲ್ಲಿಗೆ ಪತ್ರ ಬರೆದವರಿಗೆ ಸಮಾಧಾನವಾಗಬಹುದು. ನನಗೆ ಆಗುವುದಿಲ್ಲ. ಯಾಕೆಂದರೆ ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆ ಕೇಳಿದವರೆಲ್ಲ ಶೀಟಿನ ಕೆಳಗೆ ಇರುವವರು. ಶೀಟನ್ನು ಅಳೆದು, ಕೊಯ್ದು, ತೂತು ಕೊರೆದು, ಮೇಲೇರಿಸಿ, ಬೋಲ್ಟು ಬಿಗಿದು ಹೋದವನು ಒಮ್ಮೆಯೂ ಕೇಳಿಲ್ಲ. ಅಪಾಯದ ಬಹುಪಾಲು ಇರುವುದು ಅವನ ಹತ್ತಿರ.

ಕೆಲಸ ನಡೆಯುವ ಬಗೆ ನೋಡಿ. ಅಂಗಡಿಯಿಂದ ಹತ್ತಡಿಯ ಶೀಟು ಬರುತ್ತದೆ, ಮನೆಯ ಇಳಿಜಾರು ಒಂಬತ್ತಡಿ. ಮೇಸ್ತ್ರಿ ಚಾಕ್‌ಪೀಸಿನಲ್ಲಿ ಗೆರೆ ಎಳೆದು ಗ್ರೈಂಡರ್ ಹಿಡಿಯುತ್ತಾನೆ. ಆರು ಮಿಲಿಮೀಟರ್ ದಪ್ಪದ ಹಲಗೆ ಒಂದು ನಿಮಿಷದಲ್ಲಿ ಸೀಳಿಬಿಡುತ್ತದೆ, ಜೊತೆಗೆ ಬಿಳಿ ಧೂಳು ಮೋಡದಂತೆ ಏಳುತ್ತದೆ. ಹಲಗೆ ಅಲ್ಲಾಡದಂತೆ ಆ ಕಡೆ ಒತ್ತಿ ಹಿಡಿದ ಹೆಲ್ಪರ್ ಹುಡುಗನ ಮುಖ ನೇರ ಆ ಧೂಳಿಗೇ ಎದುರು. ಅವನು ಟವೆಲ್ಲನ್ನು ಮೂಗಿಗೆ ಸುತ್ತಿಕೊಂಡಿರುತ್ತಾನೆ. ಸಂಜೆ ಅದೇ ಟವೆಲ್ಲಿನಲ್ಲಿ ಬೆವರು ಒರೆಸಿಕೊಂಡು, ಅದನ್ನೇ ಹೆಗಲಿಗೆ ಹಾಕಿಕೊಂಡು ಮನೆಗೆ ಹೋಗುತ್ತಾನೆ. ಬಟ್ಟೆ ಕೊಡವಿ ಒಗೆಯುವವಳು ಅವನ ಹೆಂಡತಿಯೋ ತಾಯಿಯೋ. ಕಾರ್ಖಾನೆಯ ಬಾಗಿಲನ್ನೇ ತುಳಿಯದೆ, ಗಂಡನ ಕೆಲಸದ ಬಟ್ಟೆ ಒಗೆದೇ ಆಸ್ಬೆಸ್ಟಾಸಿನ ರೋಗ ತಂದುಕೊಂಡ ಹೆಂಗಸರು ಬೇರೆ ದೇಶಗಳ ವೈದ್ಯಕೀಯ ದಾಖಲೆಗಳಲ್ಲಿ ಬಹಳ ಮಂದಿ ಇದ್ದಾರೆ.

ಕಲ್ನಾರು ಕಲ್ಲೇ, ಆದರೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುವ ಕಲ್ಲು. ನಮ್ಮ ಹೊಳೆನರಸೀಪುರದ ಸುತ್ತಿನ ಬಂಡೆಗಳಲ್ಲೂ ಇದರ ಎಳೆಗಳಿವೆ. ಬೆಂಕಿಗೆ ಸುಡುವುದಿಲ್ಲ, ಕೊಳೆಯುವುದಿಲ್ಲ, ಎಳೆದರೆ ಸುಲಭಕ್ಕೆ ಹರಿಯುವುದಿಲ್ಲ. ಸಿಮೆಂಟಿಗೆ ಬೆರೆಸಿದ್ದು ಈ ಗುಣಗಳಿಗಾಗಿಯೇ. ಪುಪ್ಪುಸಕ್ಕೆ ಹೋದಾಗ ಇದೇ ಗುಣಗಳು ಮುಳುವಾಗುತ್ತವೆ. ಸೀಳುತ್ತ ಹೋದರೆ ಒಂದು ಎಳೆ ನಮ್ಮ ತಲೆಗೂದಲಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಸಣ್ಣದಾಗಬಲ್ಲದು. ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲಿ, ಗಂಟಲಲ್ಲಿ ಸಿಕ್ಕಿಕೊಂಡು ಕಫದ ಜೊತೆ ಹೊರಬರುತ್ತದೆ. ಕಾಣದ ಎಳೆ ಶ್ವಾಸನಾಳಗಳ ಕೊನೆಯ ಗಾಳಿಚೀಲದ ತನಕ ಇಳಿಯುತ್ತದೆ. ಅಲ್ಲಿ ಕಸ ನುಂಗಿ ಕರಗಿಸುವ ಕಾವಲು ಜೀವಕೋಶಗಳಿವೆ. ಆದರೆ ಉದ್ದನೆಯ ಎಳೆ ಆ ಕೋಶಕ್ಕಿಂತಲೂ ಉದ್ದವಿರುತ್ತದೆ, ಅರ್ಧ ನುಂಗಿ ಅರ್ಧ ಹೊರಗುಳಿದ ಸ್ಥಿತಿ. ಕೋಶ ಒದ್ದಾಡಿ ತನ್ನೊಳಗಿನ ರಾಸಾಯನಿಕಗಳನ್ನೆಲ್ಲ ಸುತ್ತಲಿನ ಅಂಗಾಂಶಕ್ಕೆ ಚೆಲ್ಲಿ ಸಾಯುತ್ತದೆ, ಮತ್ತೊಂದು ಬಂದು ಅದೇ ಕೆಲಸ ಮಾಡುತ್ತದೆ. ಈ ಉರಿಯೂತ ವರ್ಷಗಟ್ಟಲೆ ನಡೆಯುತ್ತದೆ.

ಇದನ್ನೆಲ್ಲ ಒಬ್ಬ ಹಿರಿಯ ಮೇಸ್ತ್ರಿಗೆ ಹೇಳಲು ಹೋಗಿದ್ದೆ. ಅವರು ನಕ್ಕರು. "ಸಾರ್, ಸಿಮೆಂಟ್ ಧೂಳು ತಾನೆ? ರಾತ್ರಿ ಒಂದು ಉಂಡೆ ಬೆಲ್ಲ ತಿಂದ್ರೆ ಎಲ್ಲಾ ಇಳಿದು ಹೋಗುತ್ತೆ. ನಮ್ಮಪ್ಪನ ಕಾಲದಿಂದ ತಿಂತಾ ಇದೀವಿ." ಗಿರಣಿ, ಗಣಿ, ಗಾರೆ ಕೆಲಸ ಎಲ್ಲ ಕಡೆಯೂ ಬೆಲ್ಲ ಮತ್ತು ಬಾಳೆಹಣ್ಣಿನ ಮೇಲೆ ಈ ನಂಬಿಕೆ ಇದೆ. ಬೆಲ್ಲ ಗಂಟಲಿಗೆ ಹಿತ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತಿಂದದ್ದು ಇಳಿಯುವ ದಾರಿ ಬೇರೆ, ಉಸಿರು ಇಳಿಯುವ ದಾರಿ ಬೇರೆ. ಗಾಳಿಚೀಲದಲ್ಲಿ ನಾಟಿಕೊಂಡ ಕಲ್ಲಿನ ಎಳೆಯನ್ನು ಬೆಲ್ಲ ಮುಟ್ಟುವುದೂ ಇಲ್ಲ. "ಮತ್ತೆ ನನಗೇನೂ ಆಗಿಲ್ವಲ್ಲ ಸಾರ್?" ಎಂದರು ಮೇಸ್ತ್ರಿ. ಈ ಮಾತೇ ಆಸ್ಬೆಸ್ಟಾಸಿನ ಇಡೀ ಕಥೆ.

ಯಾಕೆಂದರೆ ಇದು ಕೂಡಲೇ ಏನನ್ನೂ ಮಾಡುವುದಿಲ್ಲ. ಕೆಮ್ಮು ಬಂದು, ಕಣ್ಣು ಉರಿದು, ಮೈ ತುರಿಸಿದರೆ ಮನುಷ್ಯ ಎಚ್ಚರವಾಗುತ್ತಾನೆ. ಇದರಲ್ಲಿ ಅಂಥದ್ದಿಲ್ಲ. ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷ ಕಳೆದ ಮೇಲೆ ಮೆಟ್ಟಿಲು ಹತ್ತುವಾಗ ದಮ್ಮು ಬರುತ್ತದೆ. ಪುಪ್ಪುಸವೇ ಗಾಯದ ಕಲೆಯಂತೆ ಗಟ್ಟಿಯಾಗಿ ಹಿಗ್ಗಲಾರದೆ ಹೋಗುವುದು ಆಸ್ಬೆಸ್ಟೋಸಿಸ್. ಇದಲ್ಲದೆ ಶ್ವಾಸಕೋಶದ ಕ್ಯಾನ್ಸರ್ ಇದೆ, ಧ್ವನಿಪೆಟ್ಟಿಗೆ ಮತ್ತು ಅಂಡಾಶಯದ ಕ್ಯಾನ್ಸರಿಗೂ ನಂಟಿದೆ. ಇನ್ನೊಂದು ಮೆಸೊಥೆಲಿಯೋಮಾ, ಪುಪ್ಪುಸವನ್ನೋ ಹೊಟ್ಟೆಯನ್ನೋ ಸುತ್ತಿದ ತೆಳು ಪೊರೆಗೆ ಬರುವ ಕ್ಯಾನ್ಸರ್. ಅದು ಕಾಣಿಸಿಕೊಂಡವರಲ್ಲಿ ಹೆಚ್ಚಿನವರು ಒಂದೆರಡು ವರ್ಷವನ್ನೂ ದಾಟುವುದಿಲ್ಲ. ಕೆಲಸದ ಜಾಗದಲ್ಲಿ ಉಸಿರಾಡಿದ ಆಸ್ಬೆಸ್ಟಾಸ್ ಧೂಳಿನಿಂದ ಜಗತ್ತಿನಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಗೊತ್ತಾದದ್ದು ಇತ್ತೀಚೆಗೇನಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನ ಆಸ್ಬೆಸ್ಟಾಸ್ ನೂಲಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ನೆಲ್ಲಿ ಕರ್ಶಾ ಎಂಬಾಕೆ 1924ರಲ್ಲಿ, ಇನ್ನೂ ಮೂವತ್ತಮೂರರ ವಯಸ್ಸಿನಲ್ಲಿ ತೀರಿಕೊಂಡಾಗ ಅವಳ ಪುಪ್ಪುಸದಲ್ಲಿ ಈ ಎಳೆಗಳು ಸಿಕ್ಕಿದ್ದವು. 1931ರಲ್ಲೇ ಬ್ರಿಟನ್ ಕಾರ್ಖಾನೆಗಳ ಧೂಳಿಗೆ ನಿಯಮ ಮಾಡಿತು. 1955ರಲ್ಲಿ ರಿಚರ್ಡ್ ಡಾಲ್ ಶ್ವಾಸಕೋಶದ ಕ್ಯಾನ್ಸರಿನ ನಂಟನ್ನು ತೋರಿಸಿಕೊಟ್ಟರು, 1960ರಲ್ಲಿ ದಕ್ಷಿಣ ಆಫ್ರಿಕಾದ ವಾಗ್ನರ್ ಮತ್ತು ಜೊತೆಗಾರರು ಮೆಸೊಥೆಲಿಯೋಮಾದ ನಂಟನ್ನು. ಆದರೆ ನಮ್ಮ ಮೇಸ್ತ್ರಿಗೆ ಹತ್ತಿರದ ಕಥೆ ಇವು ಯಾವುದೂ ಅಲ್ಲ, ನ್ಯೂಯಾರ್ಕಿನ ಇರ್ವಿಂಗ್ ಸೆಲಿಕಾಫ್ ಎಂಬ ವೈದ್ಯರದು. ಅವರು ನೋಡಿದ್ದು ಆಸ್ಬೆಸ್ಟಾಸ್ ತಯಾರಿಸುವವರನ್ನಲ್ಲ, ಅದನ್ನು ಕಟ್ಟಡಗಳಲ್ಲಿ ಬಳಸುವವರನ್ನು: ಕೊಳವೆಗಳಿಗೆ, ಬಾಯ್ಲರುಗಳಿಗೆ ಶಾಖ ತಡೆಯುವ ಹೊದಿಕೆ ಸುತ್ತುವ ಕೆಲಸಗಾರರನ್ನು. ಕಂಪನಿಗಳು ದಾಖಲೆ ಕೊಡುವ ಸ್ಥಿತಿಯಲ್ಲಿರಲಿಲ್ಲ. ಸೆಲಿಕಾಫ್ ನೇರ ಕಾರ್ಮಿಕ ಸಂಘಕ್ಕೆ ಹೋದರು. 1942ರ ಕೊನೆಗೆ ಸಂಘದ ಪಟ್ಟಿಯಲ್ಲಿದ್ದ 632 ಜನರ ಹೆಸರು ಹಿಡಿದು, ಅವರಲ್ಲಿ ಯಾರು ಬದುಕಿದ್ದಾರೆ, ಯಾರು ಯಾವುದರಿಂದ ಸತ್ತರು ಎಂದು ಹುಡುಕಿದರು. ಪುಪ್ಪುಸ ಮತ್ತು ಅದರ ಪೊರೆಯ ಕ್ಯಾನ್ಸರಿನಿಂದ ಆರೇಳು ಮಂದಿ ಸಾಯಬಹುದಾಗಿದ್ದ ಕಡೆ 45 ಮಂದಿ ಸತ್ತಿದ್ದರು. 1964ರಲ್ಲಿ ಅವರು ಇದನ್ನು ಪ್ರಕಟಿಸಿದ ಮೇಲೆ ಅಮೆರಿಕದಲ್ಲಿ ಈ ಕೈಗಾರಿಕೆ ಮೊದಲಿನಂತೆ ಉಳಿಯಲಿಲ್ಲ.

ಆಮೇಲೆ ಅವರದೇ ತಂಡ ಸಿಗರೇಟಿನ ಲೆಕ್ಕವನ್ನೂ ತೆಗೆಯಿತು. ಎರಡೂ ಇಲ್ಲದವನಿಗೆ ಹೋಲಿಸಿದರೆ, ಆಸ್ಬೆಸ್ಟಾಸ್ ಮಾತ್ರ ಉಸಿರಾಡಿದವನಿಗೆ ಶ್ವಾಸಕೋಶದ ಕ್ಯಾನ್ಸರಿನ ಸಾವು ಸುಮಾರು 5 ಪಟ್ಟು, ಸಿಗರೇಟು ಮಾತ್ರ ಸೇದಿದವನಿಗೆ 10 ಪಟ್ಟಿನ ಆಸುಪಾಸು, ಎರಡೂ ಸೇರಿದವನಿಗೆ 50 ಪಟ್ಟು. ಐದೂ ಹತ್ತೂ ಕೂಡಿ ಹದಿನೈದಾಗಲಿಲ್ಲ, ಗುಣಿಸಿಕೊಂಡವು. ಟೀ ಬಿಡುವಿನಲ್ಲಿ ಬೀಡಿ ಹಚ್ಚುವ ಶೀಟ್ ಕೆಲಸದವನಿಗೆ ನಾನು ಒಂದೇ ಒಂದು ಮಾತು ಹೇಳಬಹುದಾದರೆ ಇದನ್ನೇ ಹೇಳುತ್ತೇನೆ.

ಬ್ರಿಟನ್ನಿನ ಇನ್ನೊಂದು ಲೆಕ್ಕ ನನ್ನ ವೃತ್ತಿಯವರನ್ನು ಬೆಚ್ಚಿಬೀಳಿಸುವಂಥದು. 1940ರ ದಶಕದಲ್ಲಿ ಹುಟ್ಟಿ, ಮೂವತ್ತು ತುಂಬುವ ಮೊದಲೇ ಹತ್ತು ವರ್ಷಕ್ಕೂ ಹೆಚ್ಚು ಬಡಗಿ ಕೆಲಸ ಮಾಡಿದವರಲ್ಲಿ 17 ಮಂದಿಗೆ ಒಬ್ಬರಂತೆ ಮೆಸೊಥೆಲಿಯೋಮಾ ಬರುತ್ತದೆಂದು 2009ರಲ್ಲಿ ಅಲ್ಲಿನ ಸಂಶೋಧಕರು ಲೆಕ್ಕ ಹಾಕಿದರು. ಪ್ಲಂಬರ್, ಎಲೆಕ್ಟ್ರಿಷಿಯನ್, ಬಣ್ಣ ಬಳಿಯುವವರಲ್ಲಿ 50ಕ್ಕೆ ಒಬ್ಬರು. ಇವರು ಯಾರೂ ಆಸ್ಬೆಸ್ಟಾಸ್ ಕಾರ್ಖಾನೆಯವರಲ್ಲ. ಕಟ್ಟಡಗಳಲ್ಲಿ ಹಲಗೆ ಕೊಯ್ದವರು, ತೂತು ಕೊರೆದವರು, ಪಕ್ಕದಲ್ಲಿ ನಿಂತು ತಮ್ಮ ಪಾಡಿಗೆ ವೈರ್ ಎಳೆದವರು. ಒಂದು ವ್ಯತ್ಯಾಸವನ್ನು ಮುಚ್ಚಿಡಬಾರದು. ಅವರು ಕೊಯ್ದ ಹಲಗೆಗಳಲ್ಲಿ ಹೆಚ್ಚಾಗಿದ್ದದ್ದು ಕಂದು ಬಣ್ಣದ ಆಮೊಸೈಟ್ ಎಂಬ ಬಗೆ. ಅದೂ ನೀಲಿ ಬಗೆಯೂ ಮೆಸೊಥೆಲಿಯೋಮಾ ತರುವುದರಲ್ಲಿ ಬಿಳಿಯದಕ್ಕಿಂತ ಬಹಳ ಉಗ್ರ. ನಮ್ಮ ಶೀಟಿನಲ್ಲಿರುವುದು ಬಿಳಿಯ ಕ್ರೈಸೊಟೈಲ್. ಆದ್ದರಿಂದ 17ಕ್ಕೆ ಒಂದು ಎಂಬುದನ್ನು ಹಾಗೇ ತಂದು ನಮ್ಮವರ ಮೇಲೆ ಹೊರಿಸುವುದು ಸರಿಯಲ್ಲ. ಹಾಗೆಂದು ಬಿಳಿಯದು ನಿರಪಾಯಕಾರಿಯೂ ಅಲ್ಲ. ಎಲ್ಲ ಬಗೆಯ ಆಸ್ಬೆಸ್ಟಾಸೂ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಬಿಳಿಯದನ್ನೂ ಸೇರಿಸಿಯೇ ಹೇಳಿದೆ.

ಶೀಟು ತಯಾರಿಸುವವರ ವಾದ ನನಗೆ ಗೊತ್ತು: ಹತೋಟಿಯಲ್ಲಿಟ್ಟು ಬಳಸಿದರೆ ತೊಂದರೆಯಿಲ್ಲ. ಕಾರ್ಖಾನೆಯೊಳಗೆ ಚೀಲವನ್ನು ಮುಚ್ಚಿದ ಯಂತ್ರದಲ್ಲಿ ಬಿಚ್ಚಿ, ನೀರಿನಲ್ಲೇ ಕಲಸಿ, ಧೂಳು ಹೀರುವ ವ್ಯವಸ್ಥೆ ಇಟ್ಟರೆ ಹತೋಟಿ ಸಾಧ್ಯವಿರಬಹುದು. ಆದರೆ ಶೀಟಿನ ಆಯುಷ್ಯ ಕಾರ್ಖಾನೆಯ ಗೇಟಿನಲ್ಲಿ ಮುಗಿಯುವುದಿಲ್ಲ, ಶುರುವಾಗುತ್ತದೆ. ಅದು ಹೋಗುವುದು ಯಾವುದೋ ಹಳ್ಳಿಯ ಅಂಗಳಕ್ಕೆ. ಅಲ್ಲಿ ಹತೋಟಿ ಎಂದರೆ ಆ ಹೆಲ್ಪರ್ ಹುಡುಗನ ಟವೆಲ್ಲು. 60ಕ್ಕೂ ಹೆಚ್ಚು ದೇಶಗಳು ಆಸ್ಬೆಸ್ಟಾಸನ್ನು ನಿಷೇಧಿಸಿವೆ. ಬ್ರಿಟನ್ 1999ರಲ್ಲಿ ಬಿಳಿಯದನ್ನೂ ನಿಲ್ಲಿಸಿತು, ದಶಕಗಳ ಕಾಲ ಗಣಿ ತೋಡಿ ಮಾರಿದ ಕೆನಡಾ ಕೂಡ 2018ರಲ್ಲಿ ಕೈತೊಳೆದುಕೊಂಡಿತು. ನಮ್ಮ ಸರ್ಕಾರ 1986ರಿಂದ ಹೊಸ ಗಣಿ ಗುತ್ತಿಗೆ ಕೊಡುವುದನ್ನು, 1993ರಿಂದ ಹಳೆಯದರ ನವೀಕರಣವನ್ನು ನಿಲ್ಲಿಸಿತು. ತೋಡುವುದು ಅಪಾಯ, ತರಿಸಿಕೊಳ್ಳುವುದು ಪರವಾಗಿಲ್ಲ! ವರ್ಷಕ್ಕೆ ಲಕ್ಷಗಟ್ಟಲೆ ಟನ್ ಈಗಲೂ ಹಡಗಿನಲ್ಲಿ ಬರುತ್ತದೆ, ಬಹುಪಾಲು ರಷ್ಯಾದಿಂದ. ಬಿಳಿ ಆಸ್ಬೆಸ್ಟಾಸನ್ನು ಅಪಾಯಕಾರಿ ರಾಸಾಯನಿಕಗಳ ರಾಟರ್‌ಡ್ಯಾಮ್ ಒಪ್ಪಂದದ ಪಟ್ಟಿಗೆ ಸೇರಿಸುವ ಪ್ರಸ್ತಾಪ ಬಂದಾಗ ಬೇಡವೆಂದ ದೇಶಗಳ ಸಾಲಿನಲ್ಲಿ ನಾವೂ ನಿಂತಿದ್ದೇವೆ.

ನಾಳೆ ಬೆಳಿಗ್ಗೆ ನಿಷೇಧಿಸಿ ಎಂದು ಬರೆದುಬಿಡುವುದು ನನ್ನಂಥವನಿಗೆ ಸುಲಭ, ನನ್ನ ತಲೆಯ ಮೇಲೆ ಕಾಂಕ್ರೀಟ್ ತಾರಸಿಯಿದೆ. ಹುಲ್ಲಿನ ಗುಡಿಸಿಲಿನಿಂದ, ಸೋರುವ ನಾಡಹೆಂಚಿನಿಂದ ಮೇಲೆದ್ದ ಕುಟುಂಬಕ್ಕೆ ಶೀಟು ಒಂದು ಏರಿಕೆ. ಅದು ತಗಡಿನಂತೆ ತುಕ್ಕು ಹಿಡಿಯುವುದಿಲ್ಲ, ಬೇಸಿಗೆಯಲ್ಲಿ ತಗಡಿನಷ್ಟು ಕಾಯುವುದೂ ಇಲ್ಲ. ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ದುಡಿಯಲು ಬಂದು ಪತ್ರಾಸಿನ ಶೆಡ್ಡುಗಳಲ್ಲಿ ಬೇಯುವವರನ್ನು ಕೇಳಿದರೆ ಗೊತ್ತಾಗುತ್ತದೆ. ಆದರೂ ಕಲ್ನಾರಿಲ್ಲದ, ಬೇರೆ ನಾರು ಬೆರೆಸಿದ ಸಿಮೆಂಟ್ ಶೀಟುಗಳು ಈಗ ನಮ್ಮಲ್ಲೇ ತಯಾರಾಗುತ್ತಿವೆ. ಸರ್ಕಾರಿ ಕಾಮಗಾರಿಗಳು ಅದನ್ನೇ ಕೊಳ್ಳಲು ಶುರುಮಾಡಿದರೆ ಬೆಲೆ ತಾನಾಗಿ ಇಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಾನೂನಿನ ಕಡೆ ಬಂದರೆ, 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪೊಂದಿದೆ. ಆಸ್ಬೆಸ್ಟಾಸ್ ಕೈಗಾರಿಕೆಯ ಕಾರ್ಮಿಕರ ಆರೋಗ್ಯ ಅವರ ಬದುಕುವ ಹಕ್ಕಿನ ಭಾಗ ಎಂದು ಹೇಳಿ, ಪ್ರತಿಯೊಬ್ಬರ ಆರೋಗ್ಯದ ದಾಖಲೆಯನ್ನು 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಕಾಪಾಡಬೇಕು ಎಂದಿತು. ನಲವತ್ತು ವರ್ಷ ಎಂಬುದನ್ನು ಯಾರೋ ಕಣ್ಣು ಮುಚ್ಚಿ ಬರೆದದ್ದಲ್ಲ. ರೋಗ ತಲೆಯೆತ್ತಲು ಅಷ್ಟು ಕಾಲ ಬೇಕು. ತೀರ್ಪು ಬಹಳ ಒಳ್ಳೆಯದು, ಆದರೆ ಅದು ಹಾಜರಿ ಪುಸ್ತಕ ಇರುವ ಕಾರ್ಖಾನೆಗೆ ಹೊಂದುತ್ತದೆ. ನಮ್ಮ ಹೆಲ್ಪರ್ ಹುಡುಗ ಇವತ್ತು ಒಬ್ಬ ಮೇಸ್ತ್ರಿಯ ಜೊತೆ ಶೀಟು ಹಾಕುತ್ತಾನೆ, ನಾಳೆ ಸೆಂಟ್ರಿಂಗ್ ಕೆಲಸ, ಮುಂದಿನ ವಾರ ಇನ್ನೊಂದೂರಿನಲ್ಲಿ ಹಳೆ ಗೋದಾಮು ಒಡೆಯುವ ಕೆಲಸ. ಶನಿವಾರ ಬಟವಾಡೆ ಆದ ಮೇಲೆ ಅವನು ಅಲ್ಲಿದ್ದ ಎನ್ನುವುದಕ್ಕೆ ಒಂದು ಚೀಟಿಯೂ ಉಳಿಯುವುದಿಲ್ಲ. ಆಸ್ಬೆಸ್ಟೋಸಿಸ್ ಪರಿಹಾರ ಸಿಗಬೇಕಾದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ. ಪರಿಹಾರ ಕೊಡಬೇಕಾದ ಮಾಲೀಕ ಯಾರು? ಸೆಲಿಕಾಫ್‌ಗೆ ಸಿಕ್ಕ ಆ 632 ಹೆಸರುಗಳ ಪಟ್ಟಿಯಂಥದು ನಮ್ಮಲ್ಲಿ ಇದ್ದರೆ ತಾನೆ ಎಷ್ಟು ಜನ ಸತ್ತರು ಎಂದು ಎಣಿಸುವುದು? ನಮ್ಮಲ್ಲಿ ಈ ರೋಗವೇ ಇಲ್ಲ ಎನ್ನುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇಕಿಲ್ಲ.

ಆಸ್ಪತ್ರೆಯಲ್ಲೂ ಅಷ್ಟೆ. ಐವತ್ತೈದರ ಕೂಲಿಯವನೊಬ್ಬ ಕೆಮ್ಮು, ಏದುಸಿರು, ತೂಕ ಇಳಿದದ್ದು ಎಂದು ಬಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಟಿ.ಬಿ. ಅದು ತಪ್ಪೂ ಅಲ್ಲ, ಟಿ.ಬಿ. ಅಷ್ಟು ಹೆಚ್ಚಿದೆ. ಕಫದಲ್ಲಿ ಏನೂ ಸಿಗದಿದ್ದರೂ ಮಾತ್ರೆ ನಡೆಯುತ್ತದೆ, ದಮ್ಮು ಹಾಗೇ ಇರುತ್ತದೆ. ರೋಗಿಯನ್ನು ನೀನು ಏನು ಕೆಲಸ ಮಾಡುತ್ತೀ ಎಂದು ಕೇಳಿ ಎಂದು ಇಟಲಿಯ ವೈದ್ಯ ರಾಮಜ್ಜಿನಿ ಬರೆದದ್ದು 1700ರಲ್ಲಿ. ಇವತ್ತಿನ ಹೊರರೋಗಿ ಚೀಟಿಯಲ್ಲಿ ಆ ಜಾಗದಲ್ಲಿ "ಕೂಲಿ" ಎಂದಷ್ಟೇ ಇರುತ್ತದೆ. ಯಾವ ಕೂಲಿ, ಎಷ್ಟು ವರ್ಷ, ಯಾವ ಧೂಳಿನಲ್ಲಿ? ಆದ್ದರಿಂದ ಕೆಲಸಗಾರರೇ ಬಾಯಿಬಿಟ್ಟು ಹೇಳಬೇಕು: ಡಾಕ್ಟ್ರೇ, ನಾನು ಇಷ್ಟು ವರ್ಷ ಶೀಟು ಕೊಯ್ದಿದ್ದೇನೆ. ಲೇಬರ್ ಕಾರ್ಡ್ ಮಾಡಿಸುವಾಗ ಕೆಲಸದ ಬಗೆಯನ್ನು ಸರಿಯಾಗಿ ಬರೆಸಬೇಕು. ಸಣ್ಣ ನೋಟ್‌ಬುಕ್ಕಿನಲ್ಲಿ ಊರು, ವರ್ಷ, ಮೇಸ್ತ್ರಿಯ ಹೆಸರು ಬರೆದಿಟ್ಟುಕೊಂಡರೂ ಅದು ಮುಂದೆ ಒಂದು ಪುರಾವೆ. ರೋಗ ಬಂದ ಮೇಲೆ ಪುಪ್ಪುಸ ಮೊದಲಿನಂತಾಗುವ ಔಷಧವಿಲ್ಲ ನಿಜ. ಆದರೂ ಏನೆಂದು ಗೊತ್ತಾದರೆ ಬೀಡಿ ಬಿಡಬಹುದು, ನ್ಯುಮೋನಿಯಾ ತಡೆಯುವ ಲಸಿಕೆ ಹಾಕಿಸಬಹುದು, ಇಲ್ಲದ ಟಿ.ಬಿ.ಗೆ ಮಾತ್ರೆ ನುಂಗುವುದಾದರೂ ತಪ್ಪುತ್ತದೆ.

ಇನ್ನು ಮನೆ ಮಾಲೀಕರಿಗೆ. ಶೀಟು ಹಾಕಿಸಲೇಬೇಕೆಂದಿದ್ದರೆ ಕಲ್ನಾರಿಲ್ಲದ್ದನ್ನು ಕೇಳಿ. ಅದು ಆಗದಿದ್ದರೆ ಶೀಟಿನ ಅಳತೆ ನೋಡಿಕೊಂಡು ಗೋಡೆ ಎಬ್ಬಿಸಿ. ಶೀಟುಗಳು ಗೊತ್ತಾದ ಉದ್ದಗಳಲ್ಲೇ ಬರುತ್ತವೆ. ಇಳಿಜಾರಿನ ಉದ್ದವನ್ನು, ಮೇಲ್ಹೊದಿಕೆಯ ಲೆಕ್ಕ ಸೇರಿಸಿ, ಅದಕ್ಕೆ ಹೊಂದಿಸಿದರೆ ಅಡ್ಡ ಕೊಯ್ಯುವ ಕೆಲಸವೇ ಬರುವುದಿಲ್ಲ. ನಮ್ಮಲ್ಲಿ ಗೋಡೆ ಮೊದಲು ಕಟ್ಟಿ ಶೀಟನ್ನು ಆಮೇಲೆ ಕೊಯ್ಯುತ್ತೇವೆ. ನಾಲ್ಕು ಶೀಟು ಕೂಡುವಲ್ಲಿ ಮೂಲೆಗಳನ್ನು ಓರೆಯಾಗಿ ತೆಗೆಯುವುದು ಮಾತ್ರ ತಪ್ಪುವುದಿಲ್ಲ, ಇಲ್ಲದಿದ್ದರೆ ಪದರಗಳು ಒಂದರ ಮೇಲೊಂದು ಕೂತು ಸಂದಿ ಬಾಯಿ ಬಿಡುತ್ತದೆ. ಅಷ್ಟನ್ನು ನೆಲದ ಮೇಲೆ, ಬಯಲಿನಲ್ಲಿ, ಶೀಟನ್ನು ಚೆನ್ನಾಗಿ ನೆನೆಸಿ, ಕೈಗರಗಸದಲ್ಲಿ ಕೊಯ್ಯಲಿ. ಒದ್ದೆಯಾದ ಪುಡಿ ಹಾರುವುದಿಲ್ಲ. ಅದನ್ನು ಒಣಗಲು ಬಿಡದೆ ಒರೆಸಿ ತೆಗೆಯಬೇಕು, ಪೊರಕೆಯಲ್ಲಿ ಗುಡಿಸಬಾರದು. ಬಟ್ಟೆಯ ಮಾಸ್ಕ್, ಕೊರೋನಾ ಕಾಲದ ನೀಲಿ ಮಾಸ್ಕ್ ಈ ಎಳೆಗೆ ಏನೂ ಅಲ್ಲ. ಪಿ100 ಅಥವಾ ಎಫ್‌ಎಫ್‌ಪಿ3 ಎಂದು ಬರೆದಿರುವ, ಮುಖಕ್ಕೆ ಅಂಟಿ ಕೂರುವಂಥದು ಬೇಕು. ಮಲೆನಾಡಿನವರಿಗೆ ಬೇರೆ ಮಾತು: ಮಳೆಗಾಲಕ್ಕೆ ಮುಂಚೆ ಶೀಟಿನ ಪಾಚಿಯನ್ನು ತಂತಿಬ್ರಷ್ಷಿನಲ್ಲಿ ಕೆರೆಸಬೇಡಿ, ರಭಸದ ನೀರು ಹೊಡೆಸಬೇಡಿ. ಹಳೆಯ ಶೀಟಿನ ಮೈಯಲ್ಲಿ ಸಿಮೆಂಟು ಸವೆದು ನಾರು ಮೇಲೆದ್ದಿರುತ್ತದೆ. ಅದರ ಮೇಲೆ ಕಾಲಿಡುವುದೂ ಅಪಾಯ. ನೋಡಲು ಗಟ್ಟಿಯಿದ್ದರೂ ಥಟ್ಟನೆ ಮುರಿದು ಆಳು ಕೆಳಗೆ ಬೀಳುತ್ತಾನೆ. ಅಡ್ಡಕ್ಕೆ ಹಲಗೆ ಹಾಕದೆ ಯಾರನ್ನೂ ಹತ್ತಿಸಬೇಡಿ.

ತೆಗೆಸುವುದಾದರೆ ಸುತ್ತಿಗೆಯಲ್ಲಿ ಒಡೆಸದೆ, ನೀರು ಹಾಕಿ, ಬೋಲ್ಟು ಬಿಚ್ಚಿ, ಇಡೀ ಶೀಟನ್ನು ಹಗ್ಗದಲ್ಲಿ ಇಳಿಸಬೇಕು, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಕು. ಆಮೇಲೆ ಎಲ್ಲಿಗೆ ಒಯ್ಯುವುದು ಎಂದು ನೀವು ಕೇಳಿದರೆ ನಮ್ಮ ಬಹುತೇಕ ಊರುಗಳಲ್ಲಿ ಅದಕ್ಕೆಂದು ಒಂದು ಜಾಗವಿಲ್ಲ. ಪುಡಿ ಮಾಡಿ ರಸ್ತೆಯ ಗುಂಡಿಗೆ, ಅಂಗಳದ ಹಳ್ಳಕ್ಕೆ ತುಂಬುವುದೇ ರೂಢಿ. ಅದೇ ಅಂಗಳದಲ್ಲಿ ಮಕ್ಕಳು ಆಡುತ್ತಾರೆ. ನಗರಸಭೆಗೆ, ಪಂಚಾಯಿತಿಗೆ ಲಿಖಿತವಾಗಿ ಕೇಳಿ. ಕೇಳುವವರು ಹೆಚ್ಚಾದರೆ ಜಾಗ ಹುಟ್ಟೀತು.

ಬೆಲ್ಲದ ಮೇಸ್ತ್ರಿ ಇದನ್ನೆಲ್ಲ ಕೇಳಿಸಿಕೊಂಡು ಒಂದು ಲೆಕ್ಕ ಮುಂದಿಟ್ಟರು. "ಕೈಗರಗಸ ಹಿಡಿದ್ರೆ ಅರ್ಧ ದಿನ ಜಾಸ್ತಿ ಹಿಡಿಯುತ್ತೆ ಸಾರ್. ಆ ಕೂಲಿ ಯಾರು ಕೊಡ್ತಾರೆ? ಓನರ್ ಬಂದು ಯಾಕಪ್ಪ ಇನ್ನೂ ಮುಗಿದಿಲ್ಲ ಅಂತಾರೆ." ಅವರ ಮಾತು ನ್ಯಾಯವಾದದ್ದು. ಇಬ್ಬರ ಅರ್ಧ ದಿನದ ಕೂಲಿ, ಎರಡು ಒಳ್ಳೆಯ ಮಾಸ್ಕು, ಒಂದು ಡ್ರಮ್ ನೀರು: ಇಡೀ ಶೆಡ್ಡಿನ ಖರ್ಚಿನಲ್ಲಿ ಇದು ಎಷ್ಟರ ಬಾಬ್ತು? ಅದನ್ನು ಮಾಲೀಕರೇ ಕೊಡಬೇಕು, ಎಸ್ಟಿಮೇಟಿನಲ್ಲೇ ಬರೆಸಿಕೊಳ್ಳಬೇಕು. ಶೀಟಿನ ಲಾರಿ ಬಂದು ನಿಂತ ಮೇಲೆ ಹೇಳಿದರೆ ಆಗುವುದಿಲ್ಲ, ಅಷ್ಟು ಹೊತ್ತಿಗೆ ಗ್ರೈಂಡರಿನ ವೈರು ಪ್ಲಗ್ಗಿಗೆ ಹೋಗಿರುತ್ತದೆ.